ಕೊಲೊಂಬೊ ಅಂದ್ರೆ ಪಾರಿವಾಳ

ಅಕ್ಕಾರ, ಇಟಲಿಯಲ್ಲಿ ಹುಟ್ಟೋ ಕೂಸಿಗೆ ಅಡ್ಡಹೆಸರು ಬರೆಸೋದೋ, ಅಪ್ಪನ ಹೆಸರು ಸಾಕೋ ಅಂತ ಕೇಳಿದ್ರಿ. ಹೋದ ವಾರ ನಮ್ಮ ಮನೆಯಲ್ಲಿ ನಡೆದದ್ದು ಮೊದಲು ಹೇಳ್ತೀನಿ.

ನಾವು ಧಾರವಾಡ ಕಡೆಯವರು, ಇರೋದು ಮಿಲಾನಿನಲ್ಲಿ. ಮೂರನೇ ಇಯತ್ತೆಯ ಮಗ ಶಾಲೆಯಿಂದ ಬಂದವನೇ, "ಅವ್ವಾ, ನಂದು ಉಳ್ಳಾಗಡ್ಡಿ, ನನ್ನ ಗೆಳ್ಯಾಂದು ಪಾರಿವಾಳ!" ಅಂತ ನಗೋಕೆ ಶುರು ಮಾಡಿದ. ನಮ್ಮ ಅಡ್ಡಹೆಸರು ಉಳ್ಳಾಗಡ್ಡಿ, ಗೆಳೆಯನದು ಕೊಲೊಂಬೊ, ಅಂದ್ರೆ ಇಟಾಲಿಯನ್ ಭಾಷೆಯಲ್ಲಿ ಪಾರಿವಾಳ. ಮಿಲಾನಿನಲ್ಲಿ ಎಲ್ಲಿ ನೋಡಿದರೂ ಈ ಹೆಸರಿನವರು ಸಿಗ್ತಾರೆ. ನನಗೆ ನಗು ಬರಲಿಲ್ಲ.

ಇಲ್ಲಿಯ ಹಳೇ ದೊಡ್ಡಾಸ್ಪತ್ರೆಯನ್ನು 1456ರಲ್ಲಿ ಆಗ ಮಿಲಾನ್ ಆಳುತ್ತಿದ್ದ ಫ್ರಾಂಚೆಸ್ಕೊ ಸ್ಫೋರ್ಝಾ ಸ್ಥಾಪಿಸಿದ. ಅದರ ಲಾಂಛನ ಪಾರಿವಾಳ. ಹೆತ್ತವರು ಬಿಟ್ಟುಹೋದ ಕೂಸುಗಳನ್ನು ಅಲ್ಲಿ ಸಾಕುತ್ತಿದ್ದರು, ದಫ್ತರದಲ್ಲಿ ಅವುಗಳ ಹೆಸರಿನ ಮುಂದೆ ಕೊಲೊಂಬೊ ಅಂತ ಬರೆಯುತ್ತಿದ್ದರು. 1825ರಲ್ಲಿ ಆ ರೂಢಿ ನಿಂತಿತು. ಹಾಗಂತ ಎಲ್ಲ ಕೊಲೊಂಬೊಗಳೂ ಆ ಕೂಸುಗಳ ವಂಶದವರಲ್ಲ. ನಾವು ಕೊಲಂಬಸ್ ಅನ್ನುವ ಜಿನೋವಾದವನ ಮನೆತನದ ಹೆಸರೂ ಇದೇ.

ನೇಪಲ್ಸಿನ ಎಸ್ಪೊಸಿತೊ ಅನ್ನೋ ಅಡ್ಡಹೆಸರು ಇನ್ನೂ ನೇರ. ಹೊರಗೆ ಇಟ್ಟದ್ದು ಅಂತಲೇ ಅದರ ಲ್ಯಾಟಿನ್ ಮೂಲದ ಅರ್ಥ. ಅಲ್ಲಿಯ ಅನ್ನುಂಝಿಯಾತಾ ಅನಾಥಾಲಯದ ಗೋಡೆಯಲ್ಲಿ ತಿರುಗುವ ಮರದ ಪೆಟ್ಟಿಗೆ ಇತ್ತು. ತಾಯಿ ಹೊರಗಿನಿಂದ ಕೂಸನ್ನಿಟ್ಟು ತಿರುಗಿಸಿದರೆ ಒಳಗಿನವರ ಕೈಗೆ ಸಿಗುತ್ತಿತ್ತು, ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿರಲಿಲ್ಲ. 1875ರಲ್ಲಿ ಆ ಪೆಟ್ಟಿಗೆಯನ್ನು ಮುಚ್ಚಿದರು. ಫ್ಲಾರೆನ್ಸಿನ ಹಳೇ ಅನಾಥಾಲಯ ಇನ್ನೊಚೆಂತಿಯ ಮ್ಯೂಸಿಯಮ್ಮಿನಲ್ಲಿ ಎರಡಾಗಿ ಕತ್ತರಿಸಿದ ಪದಕಗಳಿವೆ. ಅರ್ಧ ಕೂಸಿನ ಜೊತೆಗೆ, ಇನ್ನರ್ಧ ತಾಯಿಯ ಹತ್ತಿರ, ಮುಂದೊಂದು ದಿನ ಬಂದು ಗುರುತು ಹಿಡಿದು ಕರೆದೊಯ್ಯುವ ಆಸೆಯಿಂದ. ಆ ಅರ್ಧ ಪದಕಗಳ ಮುಂದಿನಿಂದ ಯಾವ ತಾಯಿಯೂ ಬೇಗ ಸರಿಯಲಾರಳು.

ಮಗನಿಗೆ ಇಷ್ಟೆಲ್ಲ ಹೇಳಲಿಲ್ಲ. ಹೆಸರೇ ಇಲ್ಲದ ಕೂಸುಗಳಿಗೆ ಆಸ್ಪತ್ರೆ ತನ್ನ ಹಕ್ಕಿಯ ಹೆಸರು ಕೊಟ್ಟಿತ್ತಪ್ಪಾ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅಜ್ಜಿಗೆ ಫೋನ್ ಹಚ್ಚಿದ, ನಮ್ಮದು ಉಳ್ಳಾಗಡ್ಡಿ ಯಾಕ ಅಂತ. ಮುತ್ತಜ್ಜ ಉಳ್ಳಾಗಡ್ಡಿ ವ್ಯಾಪಾರ ಮಾಡ್ತಿದ್ದರಂತೆ. ಮರುದಿನ ಅದನ್ನು ಗೆಳೆಯನಿಗೂ ಹೇಳಿ ಬಂದಿದ್ದಾನೆ.

ಇನ್ನು ನಿಮ್ಮ ಪ್ರಶ್ನೆ. ಇಟಲಿಯಲ್ಲಿ ಮದುವೆಯಾದರೂ ಹೆಂಗಸರ ಅಡ್ಡಹೆಸರು ಬದಲಾಗೋದಿಲ್ಲ. ಕೂಸಿಗೆ ತಾನಾಗಿಯೇ ಅಪ್ಪನ ಅಡ್ಡಹೆಸರೊಂದೇ ಹೋಗೋದು ತಪ್ಪು ಅಂತ 2022ರಲ್ಲಿ ಇಲ್ಲಿಯ ಸಂವಿಧಾನ ನ್ಯಾಯಾಲಯವೂ ಹೇಳಿತು. ನಮ್ಮಂಥವರಿಗೆ ಭಾರತದ ಪಾಸ್‌ಪೋರ್ಟಿನಲ್ಲಿ ಇರೋದೇ ಮುಖ್ಯ. ಅಡ್ಡಹೆಸರಿನ ಜಾಗದಲ್ಲಿ ಅಪ್ಪನ ಹೆಸರು ಬರೆಸಿದರೆ, ಶಾಲೆಯ ಹಾಜರಿಯಲ್ಲಿ ಕೂಸನ್ನು ಅಪ್ಪನ ಹೆಸರಿನಿಂದಲೇ ಕೂಗ್ತಾರೆ. ಮನೆತನದ ಹೆಸರು ಇದ್ದರೆ ಅದನ್ನೇ ಬರೆಸ್ರಿ.