ಸಹಾಯ ಬೇಕು: ದೊಡ್ಡ ಗಿರಾಕಿಯೇ ನಮಗೆ ಪೈಪೋಟಿಗೆ ನಿಂತಿದ್ದಾರೆ

ಪೀಣ್ಯದ ಕೊರಿಯರ್ ಕಂಪನಿಯೊಂದರಲ್ಲಿ ನಾಲ್ಕು ವರ್ಷ ನಾಲ್ಕು ತಿಂಗಳಿಂದ ಕಾಯಂ ಡೆಲಿವರಿ ಕೆಲಸದಲ್ಲಿದ್ದೇನೆ. ನನ್ನ ಚೀಲದ ಹತ್ತು ಪಾರ್ಸೆಲ್‌ಗಳಲ್ಲಿ ಏಳು ಒಂದೇ ಆನ್‌ಲೈನ್ ಅಂಗಡಿಯವು. ಈಗ ಅವರೇ ಸ್ವಂತ ವ್ಯಾನ್ ಇಳಿಸಿದ್ದಾರೆ. ಮೊನ್ನೆ ದಾಸರಹಳ್ಳಿಯಲ್ಲಿ ನಾನು ಎರಡು ಪೆಟ್ಟಿಗೆ ಹಿಡಿದು ನಿಂತ ಅಪಾರ್ಟ್‌ಮೆಂಟಿಗೇ ಅವರ ಹುಡುಗ ಇಪ್ಪತ್ತು ಇಳಿಸುತ್ತಿದ್ದ. ಮೇಲಿನ ಟೇಪು ಮಾತ್ರ ಅದೇ!

ಮ್ಯಾನೇಜರರನ್ನು ಎರಡು ಸಲ ಕೇಳಿದೆ, ‘ನೋಡೋಣ’ ಎಂದರು (ಅವರೂ ಬೇರೆ ಕೆಲಸ ಹುಡುಕುತ್ತಿದ್ದಾರೆಂದು ನನ್ನ ಗುಮಾನಿ). ಆ ಕಡೆಯವರು ಕರೆಯುತ್ತಿದ್ದಾರೆ. ಆದರೆ ಅಲ್ಲಿ ಪಾರ್ಸೆಲ್ ಲೆಕ್ಕದ ಕೂಲಿ; ಪಿಎಫ್ ಇಲ್ಲ, ಇಎಸ್ಐ ಇಲ್ಲ, ಪೆಟ್ರೋಲ್ ನಮ್ಮದೇ. ಇಲ್ಲಿ ಗ್ರಾಚ್ಯುಟಿಗೆ (ಕೆಲಸ ಬಿಡುವಾಗ ಸೇವೆಯ ವರ್ಷಗಳ ಲೆಕ್ಕದಲ್ಲಿ ಕಂಪನಿ ಕೊಡುವ ಹಣ) 5 ವರ್ಷ ತುಂಬಬೇಕು, ಇನ್ನೂ ಎಂಟು ತಿಂಗಳಿದೆ.

ನಾನಾಗಿ ಬಿಟ್ಟರೆ ಅದು ಹೋಯಿತು. ಅಷ್ಟರೊಳಗೆ ಕೆಲಸವಿಲ್ಲವೆಂದು ಕಂಪನಿಯೇ ತೆಗೆದರೆ ನನಗೆ ಏನು ಪರಿಹಾರ ಸಿಗುತ್ತದೆ? ಅದಕ್ಕೆ ಈಗಿಂದಲೇ ಯಾವ ಕಾಗದಗಳನ್ನು ಜೋಡಿಸಿಡಬೇಕು? ಅನುಭವವಿದ್ದವರು ದಯವಿಟ್ಟು ತಿಳಿಸಿ.