ಬಿಸಿಯಾದರೆ ನಿಂತುಬಿಡುವ 125 ಸಿಸಿ ಎಟಿವಿ: ಕುಂತಿಬೆಟ್ಟದ ದಾರಿಯಲ್ಲಿ ಐದು ಸಲ ಕೈಕೊಟ್ಟಿದೆ, ಪರಿಹಾರ ತಿಳಿಸಿ

ಪಾಂಡವಪುರ_ಸವಾರ
ಎಲ್ಲರಿಗೂ ನಮಸ್ಕಾರ. ಕಳೆದ ಭಾನುವಾರ ನಾವು ಮೂವರು ಗೆಳೆಯರು ಮೂರು ಎಟಿವಿಗಳನ್ನು (ಬೈಕಿನಂತೆ ಹ್ಯಾಂಡಲ್ ಇರುವ, ಕಚ್ಚಾದಾರಿಯ ನಾಲ್ಕು ಚಕ್ರದ ಗಾಡಿ) ಕ್ಯಾಂಟರ್‌ಗೆ ಹೇರಿಕೊಂಡು ಪಾಂಡವಪುರದ ಆಚೆ ಒಬ್ಬನ ಮಾವನವರ ಜಮೀನಿಗೆ ಹೋಗಿದ್ದೆವು. ಅಲ್ಲಿಂದ ಕುಂತಿಬೆಟ್ಟದ ಕಡೆಯ ಗಾಡಿಜಾಡು ಹಿಡಿದು ಇಪ್ಪತ್ತು ನಿಮಿಷವೂ ಆಗಿರಲಿಲ್ಲ, ನನ್ನ ಗಾಡಿ ಬಿಕ್ಕಳಿಸುವಂತೆ ಎರಡು ಸಲ ಎಳೆದು ನಿಂತುಹೋಯಿತು. ಇಂಜಿನ್ ಮುಟ್ಟಲಾರದಷ್ಟು ಬಿಸಿಯಾಗಿತ್ತು. ಗೋಣಿಚೀಲವನ್ನು ನೆನೆಸಿ ಇಂಜಿನ್ ಮೇಲೆ ಹೊದಿಸಿ, ಇಪ್ಪತ್ತು ನಿಮಿಷ ಕಾದು ಸ್ವಿಚ್ ಒತ್ತಿದರೆ ಏನೂ ಆಗಿಲ್ಲವೆಂಬಂತೆ ಚಾಲೂ ಆಯಿತು. ಹೀಗೆ ಒಂದೇ ದಿನದಲ್ಲಿ ಐದು ಸಲ ಆಗಿದೆ. ಪ್ಲಗ್ ಹೊಸದು, ಏರ್ ಫಿಲ್ಟರ್ ತೊಳೆದದ್ದು. ನಿಂತಾಗಲೆಲ್ಲ ಟ್ಯಾಂಕಿನ ಮುಚ್ಚಳ ತೆಗೆದು ನೋಡಿದ್ದೇವೆ, ಪೆಟ್ರೋಲ್ ಅರ್ಧಕ್ಕಿಂತ ಹೆಚ್ಚೇ ಇತ್ತು. ಆದ್ದರಿಂದ "ಪೆಟ್ರೋಲ್ ಇತ್ತೇ" ಎಂದು ದಯವಿಟ್ಟು ಯಾರೂ ಕೇಳಬೇಡಿ. ಕೊನೆಗೆ ಮತ್ತೆ ನಿಲ್ಲುವುದು ಬೇಡವೆಂದು ಗೆಳೆಯನ ಗಾಡಿಗೆ ಹಗ್ಗ ಕಟ್ಟಿ ಎಳೆಸಿಕೊಂಡು ಬಂದೆ. ಮುಂದಿನ ವಾರ ಮತ್ತೆ ಹೋಗುವುದಿದೆ.

ಹಳೇ_ಕಾರ್ಬುರೇಟರ್
ಇದು ಪೆಟ್ರೋಲಿನ ದೋಷ, ಬೇರೆ ಯೋಚನೆಯೇ ಬೇಡ. ಈಗ ಬಂಕಿನಲ್ಲಿ ಸಿಗುವುದು ಶೇ 20 ಎಥನಾಲ್ (ಕಬ್ಬು, ಧಾನ್ಯಗಳಿಂದ ತೆಗೆಯುವ ಮದ್ಯಸಾರ) ಬೆರೆತ ಪೆಟ್ರೋಲ್. ಎಥನಾಲ್ 78 ಡಿಗ್ರಿಗೇ ಕುದಿಯುತ್ತದೆ. ಇಂಜಿನ್ ಪಕ್ಕದಲ್ಲಿ ಹಾದುಹೋಗುವ ಪೈಪಿನಲ್ಲಿ ಅದು ಆವಿಯಾಗಿ ಗುಳ್ಳೆ ಕಟ್ಟಿಕೊಂಡು ಹರಿವನ್ನು ತಡೆಯುತ್ತದೆ. ತಣ್ಣಗಾದ ಮೇಲೆ ಗುಳ್ಳೆ ಕರಗಿ ಗಾಡಿ ಚಾಲೂ ಆಗುತ್ತದೆ. ನೀವು ಹೇಳಿದ ಲಕ್ಷಣಕ್ಕೂ ಇದಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ. ಪೈಪಿಗೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯನ್ನು ಎರಡು ಸುತ್ತು ಸುತ್ತಿ.

ಬನ್ನೂರು_ಗ್ಯಾರೇಜ್
ಸವಾರರೇ, ಮುಖ್ಯವಾದದ್ದನ್ನೇ ಬರೆದಿಲ್ಲ. ಗಾಡಿ ಕಾರ್ಬುರೇಟರಿನದೋ ಇಂಜೆಕ್ಷನ್ನಿನದೋ? ನಿಂತ ಕೂಡಲೇ ಪ್ಲಗ್ ಬಿಚ್ಚಿ ಕಿಡಿ ನೋಡಿದ್ದೀರಾ? ಕಾರ್ಬುರೇಟರಿನ ತಳದ ಡ್ರೈನ್ ಸ್ಕ್ರೂ ಸಡಿಲಿಸಿದರೆ ಪೆಟ್ರೋಲ್ ಧಾರೆಯಾಗಿ ಬರುತ್ತದೆಯೋ, ನಾಲ್ಕು ಹನಿ ಬಿದ್ದು ನಿಲ್ಲುತ್ತದೆಯೋ? ಬಿಸಿಗೆ ಪಲ್ಸರ್ ಕಾಯಿಲ್ (ಕಿಡಿ ಹಾರಬೇಕಾದ ಹೊತ್ತನ್ನು ತಿಳಿಸುವ ಸುರುಳಿ) ಕೈಕೊಟ್ಟರೂ ಇದೇ ಲಕ್ಷಣ, ವಾಲ್ವ್ ಗ್ಯಾಪ್ (ವಾಲ್ವ್‌ಗೂ ಅದನ್ನು ಒತ್ತುವ ತೋಳಿಗೂ ನಡುವಿನ ಸಂದು) ಬಿಗಿಯಾಗಿದ್ದರೂ ಇದೇ ಲಕ್ಷಣ. ಕಿಡಿ ಇದೆಯೋ ಇಲ್ಲವೋ ಎಂಬುದು ಗೊತ್ತಾದರೆ ಅರ್ಧ ಹುಡುಕಾಟ ಮುಗಿದಂತೆ. ಇನ್ನೊಂದು ಮಾತು: ಕಾದ ಇಂಜಿನ್ ಮೇಲೆ ಒದ್ದೆ ಗೋಣಿ ಹಾಕುವ ಅಭ್ಯಾಸವನ್ನು ಬಿಡಿ. ಗಾಳಿಯಿಂದ ತಣಿಯುವ ಸಿಲಿಂಡರ್ ಒಂದೇ ಕಡೆ ತಟ್ಟನೆ ತಣ್ಣಗಾದರೆ ಲೋಹ ಸೊಟ್ಟಗಾಗಬಹುದು.

ಪಾಂಡವಪುರ_ಸವಾರ
ಕಾರ್ಬುರೇಟರ್ ಗಾಡಿಯೇ ಸರ್, 125 ಸಿಸಿ ಎಂದಮೇಲೆ ಅದು ಗೊತ್ತಿರುತ್ತದೆಂದು ಬರೆಯಲಿಲ್ಲ. ಕಿಡಿ ನೋಡಿರಲಿಲ್ಲ. ಇವತ್ತು ಹಾಳೆ ಸುತ್ತಿ ತೋಟದಲ್ಲೇ ಓಡಿಸಿದೆ, ಹದಿನೆಂಟನೇ ನಿಮಿಷಕ್ಕೆ ನಿಂತಿತು. ಪ್ಲಗ್ ಬಿಚ್ಚಿ ನೋಡಿದೆ, ಕಿಡಿ ನೀಲಿಯಾಗಿ ಚೆನ್ನಾಗಿದೆ. ಪ್ಲಗ್ ಮಾತ್ರ ಒಣಗಿತ್ತು.

ಹಳೇ_ಕಾರ್ಬುರೇಟರ್
ಪ್ಲಗ್ ಒಣಗಿದೆ ಎಂದರೆ ಪೆಟ್ರೋಲ್ ಬರುತ್ತಿಲ್ಲ, ಬರುತ್ತಿಲ್ಲವೆಂದರೆ ಗುಳ್ಳೆ. ನಾನು ಹೇಳಿದ್ದೇ ಆಯಿತು. ಎರಡು ಸುತ್ತು ಸಾಲದಿದ್ದರೆ ನಾಲ್ಕು ಸುತ್ತು ಹಾಕಿ. ಎಥನಾಲ್ ನೀರನ್ನೂ ಹೀರುತ್ತದೆ. ಗಾಜಿನ ಬಾಟಲಿಗೆ ಸ್ವಲ್ಪ ಪೆಟ್ರೋಲ್ ಬಸಿದು ರಾತ್ರಿಯಿಡೀ ಇಟ್ಟು, ತಳದಲ್ಲಿ ಬೇರೆ ಪದರ ನಿಂತಿದೆಯೇ ನೋಡಿ. ನಮ್ಮ ಜಿಲ್ಲೆಯ ಕಬ್ಬು ನಮ್ಮ ಟ್ಯಾಂಕಿಗೇ ಬಂದು ಕುಳಿತಿದೆ, ಯಾರನ್ನು ದೂರುವುದು!

ನಾಲೆ_ಏರಿ
ಹಿರಿಯರ ಮಾತಿಗೆ ಎದುರಾಡುತ್ತಿದ್ದೇನೆಂದು ತಿಳಿಯಬಾರದು. ಎಥನಾಲ್ 78 ಡಿಗ್ರಿಗೆ ಕುದಿಯುವುದು ನಿಜ, ಆದರೆ ಪೆಟ್ರೋಲಿನ ಹಗುರ ಅಂಶಗಳು 40 ಡಿಗ್ರಿಯ ಸುಮಾರಿಗೇ ಆವಿಯಾಗತೊಡಗುತ್ತವೆ. ಹಾಗಿರುವಾಗ 78 ಡಿಗ್ರಿಯ ಲೆಕ್ಕದಿಂದ ಏನೂ ಸಾಬೀತಾಗುವುದಿಲ್ಲ. ಮೂರು ಗಾಡಿಗೂ ಒಂದೇ ಬಂಕಿನ ಪೆಟ್ರೋಲ್ ತಾನೇ? ಉಳಿದ ಎರಡು ಏಕೆ ನಿಲ್ಲಲಿಲ್ಲ?

ಹೇಗೂ ಬರೆಯುತ್ತಿದ್ದೇನೆ, ನನ್ನ ಡಬ್ಬಿಯಲ್ಲಿರುವುದನ್ನೂ ಹೇಳಿಬಿಡುತ್ತೇನೆ: ಸೈಕಲ್ ಟ್ಯೂಬಿನ ಪಟ್ಟಿಗಳು, ಬೈಂಡಿಂಗ್ ವೈರ್, ಕಟಿಂಗ್ ಪ್ಲೇಯರ್, ಎಂ-ಸೀಲ್, ಬಟ್ಟೆ ಸೋಪಿನ ತುಂಡು, ಕಾಲಿನ ಪಂಪು, ಎಂಟು ಮೊಳ ಹಗ್ಗ. ಹೋದ ಮಳೆಗಾಲದಲ್ಲಿ ಕಲ್ಲಿನ ಚೂಪು ಅಂಚಿಗೆ ಸಿಕ್ಕಿ ಮುಂದಿನ ಟೈರ್ ರಿಮ್ಮಿನಿಂದ ಕಳಚಿಕೊಂಡಿತು. ಎಟಿವಿ ಟೈರಿನಲ್ಲಿ ನಾಲ್ಕೈದು ಪಿಎಸ್‌ಐ ಗಾಳಿಯಷ್ಟೇ ಇರುವುದರಿಂದ ಹೀಗಾಗುವುದು ಸಾಮಾನ್ಯ, ಪಂಪು ಹೊಡೆದರೆ ಗಾಳಿಯೆಲ್ಲ ಪಕ್ಕದಿಂದಲೇ ಹೋಗುತ್ತದೆ. ಟೈರಿನ ಅಂಚಿಗೆ ಸೋಪಿನ ನೀರು ಸವರಿ, ಹೊರಸುತ್ತಿಗೆ ಹಗ್ಗ ಕಟ್ಟಿ, ಹಗ್ಗದೊಳಗೆ ಕೋಲು ತೂರಿಸಿ ತಿರುಚುತ್ತಾ ಹೋದೆ. ನಡುವೆ ಅದುಮಿಕೊಂಡ ಟೈರಿನ ಅಂಚುಗಳು ಎರಡೂ ಕಡೆಗೆ ಹರಡಿ ರಿಮ್ಮಿಗೆ ತಾಗಿದವು. ಆಮೇಲೆ ಪಂಪು ಹೊಡೆದರೆ "ಟಪ್" ಎಂದು ಕೂತಿತು. ಕೂತ ತಕ್ಷಣ ಹಗ್ಗ ಬಿಚ್ಚಬೇಕು. ಪೆಟ್ರೋಲ್ ಟ್ಯಾಂಕ್ ಜಿನುಗಿದರೂ ಅದೇ ಸೋಪನ್ನು ಒಣದಾಗಿ ತಿಕ್ಕಿದರೆ ಮನೆ ಸೇರುವವರೆಗೆ ತಡೆಯುತ್ತದೆ.

ಹಳೇ_ಕಾರ್ಬುರೇಟರ್
ಟೈರಿನ ಕಥೆ ಇಲ್ಲಿಗೇಕೆ ಬಂತು? ಮೂರೂ ಗಾಡಿಗಳ ಪೈಪ್ ಒಂದೇ ಜಾಗದಲ್ಲಿ ಹಾದುಹೋಗಬೇಕೆಂದೇನೂ ಇಲ್ಲ. ನಾಲ್ಕು ಸುತ್ತು ಹಾಕಿದಿರಾ ಸವಾರರೇ?

ಬನ್ನೂರು_ಗ್ಯಾರೇಜ್
ನಾನು ಮೊದಲ ಬರಹವನ್ನು ಮತ್ತೆ ಓದಿದೆ. ಸವಾರರು ಗಾಡಿ ನಿಂತಾಗಲೆಲ್ಲ ಎರಡು ಕೆಲಸ ಮಾಡಿದ್ದಾರೆ, ಇಂಜಿನ್ ತಣಿಸಿದ್ದಾರೆ ಮತ್ತು ಟ್ಯಾಂಕಿನ ಮುಚ್ಚಳ ತೆಗೆದಿದ್ದಾರೆ. ನಾವೆಲ್ಲ ಮೊದಲನೆಯದನ್ನು ಹಿಡಿದುಕೊಂಡು ಕೂತೆವು. ಪೆಟ್ರೋಲ್ ಕೆಳಗಿಳಿದಷ್ಟೂ ಅದರ ಜಾಗಕ್ಕೆ ಗಾಳಿ ಒಳಗೆ ಬರಬೇಕು; ಬರದಿದ್ದರೆ ಟ್ಯಾಂಕಿನೊಳಗೆ ನಿರ್ವಾತವಾಗಿ ಹರಿವು ನಿಲ್ಲುತ್ತದೆ. ಮುಚ್ಚಳ ತೆಗೆದರೆ ಗಾಳಿ ನುಗ್ಗಿ ಎಲ್ಲವೂ ಸರಿಹೋಗುತ್ತದೆ. ಈಗ ಎರಡು ಪ್ರಶ್ನೆ. ಮುಚ್ಚಳ ಬಿಚ್ಚುವಾಗ "ಸುಸ್" ಎಂಬ ಸದ್ದು ಕೇಳಿಸಿತೇ? ಮುಚ್ಚಳ ತೆಗೆಯದೆ ಬರೀ ಕಾದು ಚಾಲೂ ಮಾಡಿದ್ದು ಒಂದು ಸಲವಾದರೂ ಇದೆಯೇ?

ಪಾಂಡವಪುರ_ಸವಾರ
ಸದ್ದಿನ ಕಡೆ ಗಮನ ಕೊಡಲಿಲ್ಲ. ಎರಡನೇ ಪ್ರಶ್ನೆ ಓದಿದ ಮೇಲೆ ನೆನಪಾಯಿತು. ನಾಲ್ಕನೇ ಸಲ ನಾಲೆ ಏರಿಯ ಹತ್ತಿರ ನಿಂತಾಗ ಊಟದ ಹೊತ್ತಾಗಿದ್ದರಿಂದ ಟ್ಯಾಂಕ್ ನೋಡದೆ ಬುತ್ತಿ ಬಿಚ್ಚಿದೆವು. ಮುಕ್ಕಾಲು ಗಂಟೆ ಕಳೆದು ಇಂಜಿನ್ ಪೂರ್ತಿ ತಣ್ಣಗಾಗಿತ್ತು. ಆದರೂ ಚಾಲೂ ಆಗಿ ನೂರು ಮಾರು ಹೋಗುವಷ್ಟರಲ್ಲಿ ಮತ್ತೆ ನಿಂತಿತು. ಆಗ ಮುಚ್ಚಳ ತೆಗೆದು ನೋಡಿದೆವು, ಆಮೇಲೆ ಓಡಿತು. ಅದನ್ನು ಐದನೇ ಸಲವೆಂದು ಲೆಕ್ಕ ಹಾಕಿದ್ದೆ.

ಇನ್ನೊಂದು ವಿಷಯ, ಇದನ್ನು ಮೊದಲೇ ಹೇಳಬೇಕಿತ್ತೇನೋ. ಏರು ಹತ್ತುವಾಗ ಮುಚ್ಚಳದಿಂದ ಪೆಟ್ರೋಲ್ ಒಸರಿ ತೊಡೆಯ ಮೇಲೆ ಬೀಳುತ್ತಿತ್ತು. ಮಳೆಗಾಲದಲ್ಲಿ ಬೈಕಿಗೆ ಹಾಕುವಂತೆ ಹಾಲಿನ ಪ್ಯಾಕೆಟ್ಟಿನ ಪ್ಲಾಸ್ಟಿಕ್ ಕತ್ತರಿಸಿ ಮುಚ್ಚಳದ ಕೆಳಗೆ ಇಟ್ಟು ಬಿಗಿ ಮಾಡಿದ್ದೆ. ನೋಡಿದಾಗಲೆಲ್ಲ ಅದನ್ನು ತೆಗೆದು, ಮತ್ತೆ ಹಾಗೆಯೇ ಇಟ್ಟು ಮುಚ್ಚುತ್ತಿದ್ದೆ.

ಬನ್ನೂರು_ಗ್ಯಾರೇಜ್
ಸ್ವಾಮಿ, ನೀವು ಉಸಿರಾಡುವ ಮೂಗನ್ನೇ ಕಟ್ಟಿಬಿಟ್ಟಿದ್ದೀರಿ. ಈ ಗಾಡಿಗಳ ಮುಚ್ಚಳದ ನಡುವೆ ಗಾಳಿರಂಧ್ರವಿದ್ದು, ಅದರಿಂದ ಹೊರಟ ಸಣ್ಣ ರಬ್ಬರ್ ನಳಿಕೆ ಹ್ಯಾಂಡಲ್ ಕಂಬದೊಳಕ್ಕೆ ಹೋಗಿರುತ್ತದೆ. ಒಸರುವುದನ್ನು ತಡೆಯಬೇಕಿದ್ದರೆ ಮುಚ್ಚಳದ ಅಂಚಿಗಷ್ಟೇ ಬಳೆಯಾಕಾರದ ವಾಷರ್ ಸಾಕು, ನಡುವೆ ತೆರೆದಿರಬೇಕು. ಬೈಕಿನ ಸ್ಪೇರ್ ಅಂಗಡಿಯಲ್ಲಿ ಪೆಟ್ರೋಲ್ ತಡೆಯುವ ರಬ್ಬರಿನದೇ ಕೇಳಿ. ಸೈಕಲ್ ಟ್ಯೂಬಿನದು ಒಂದು ದಿನದ ಸವಾರಿಗೆ ಆಗಬಹುದು, ಪೆಟ್ರೋಲ್ ತಾಗಿ ಬೇಗ ಉಬ್ಬಿಕೊಳ್ಳುತ್ತದೆ. ನಳಿಕೆಯನ್ನೂ ಬಿಡಿಸಿ ಬಾಯಿಯಿಂದ ಊದಿ ನೋಡಿ, ಕಣಜ ಮಣ್ಣಿನ ಗೂಡು ಕಟ್ಟಿರುವುದನ್ನು ಕಂಡಿದ್ದೇನೆ. ಕಾದ ಇಂಜಿನ್ ಮೇಲೆಯೇ ಟ್ಯಾಂಕ್ ಇರುವಾಗ ಮುಚ್ಚಳವನ್ನು ನಿಧಾನವಾಗಿ ಬಿಚ್ಚಿ. ಪಕ್ಕದಲ್ಲಿ ಯಾರೂ ಬೀಡಿ ಸಿಗರೇಟು ಹಚ್ಚಿರಬಾರದು.

ಪಾಂಡವಪುರ_ಸವಾರ
ಪ್ಲಾಸ್ಟಿಕ್ ತೆಗೆದು ವಾಷರ್ ಹಾಕಿಸಿದೆ, ನಳಿಕೆ ಊದಿದೆ, ಸ್ವಚ್ಛವಾಗಿತ್ತು. ಭಾನುವಾರ ಅದೇ ದಾರಿಯಲ್ಲಿ ಒಂದು ಗಂಟೆ ಹತ್ತು ನಿಮಿಷ ಎಲ್ಲೂ ನಿಲ್ಲದೆ ಓಡಿಸಿದೆ. ಹಿಂದಿರುಗುವ ಮೊದಲು ಜಮೀನಿನ ಬೇಲಿಯ ಬಳಿ ಬೇಕೆಂದೇ ಅದೇ ಪ್ಲಾಸ್ಟಿಕ್ಕನ್ನು ಮತ್ತೆ ಇಟ್ಟು ನೋಡಿದೆ. ಹದಿನಾರನೇ ನಿಮಿಷಕ್ಕೆ ಬಿಕ್ಕಳಿಸಿತು. ಮುಚ್ಚಳ ತಿರುಗಿಸಿದಾಗ ಸದ್ದು ಈ ಸಲ ಸ್ಪಷ್ಟವಾಗಿ ಕೇಳಿಸಿತು. ಕಾಯದೆ, ನೀರು ಹಾಕದೆ, ಎರಡು ನಿಮಿಷದಲ್ಲಿ ಗಾಡಿ ಚಾಲೂ ಆಯಿತು. ಅಲ್ಯೂಮಿನಿಯಂ ಹಾಳೆಯನ್ನು ಬಿಚ್ಚಿಬಿಡಲೇ, ಇರಲೇ?

ಹಳೇ_ಕಾರ್ಬುರೇಟರ್
ಬಿಚ್ಚಬೇಡಿ, ಇರಲಿ. ಅಂದಹಾಗೆ, ಭಾನುವಾರ ನಮ್ಮ ಕಡೆ ಸಂಜೆಯವರೆಗೂ ಮೋಡ ಕವಿದಿತ್ತು. ಪಾಂಡವಪುರದಲ್ಲಿ ಬಿಸಿಲಿತ್ತೇ?