ಪೈಥಾನ್: ಓದು ಫೈಲಿನಲ್ಲಿ 40, ಮುಖ್ಯ ಫೈಲಿನಲ್ಲಿ 0. ಯಾಕೆ?

ಪ್ರಶ್ನೆ: ಸರ್, ಪೈಥಾನ್ ಕಲಿಯುತ್ತಿದ್ದೇನೆ. ಮೂರು ಫೈಲ್ ಇವೆ: ಹಂಚಿಕೆ.ಪೈ, ಓದು.ಪೈ, ಮುಖ್ಯ.ಪೈ. ಹಂಚಿಕೆಯಲ್ಲಿ 'ಎಣಿಕೆ = 0' ಅಂತ ಒಂದೇ ಸಾಲು. ಉಳಿದ ಎರಡರಲ್ಲೂ ಮೇಲ್ಗಡೆ 'ಫ್ರಮ್ ಹಂಚಿಕೆ ಇಂಪೋರ್ಟ್ ಎಣಿಕೆ' ಅಂತ ಹಾಕಿದ್ದೇನೆ. ಓದು ಫೈಲಿನ ಫಂಕ್ಷನ್ ಒಂದು ಸಿಎಸ್‌ವಿ ಫೈಲಿನ (ಸಾಲು ಸಾಲಾಗಿ ಮಾಹಿತಿ ಇರುವ ಪಠ್ಯ ಫೈಲ್) ಸಾಲುಗಳನ್ನು ಎಣಿಸುತ್ತದೆ, ಅಲ್ಲೇ ಪ್ರಿಂಟ್ ಮಾಡಿದರೆ 40. ಅದನ್ನು ಕರೆದ ಮೇಲೆ ಮುಖ್ಯದಲ್ಲಿ ಪ್ರಿಂಟ್ ಮಾಡಿದರೆ 0! ಫಂಕ್ಷನ್ ಒಳಗೆ 'ಗ್ಲೋಬಲ್ ಎಣಿಕೆ' ಅಂತಲೂ ಹಾಕಿದ್ದೇನೆ.

ಉತ್ತರ: ಎಡವಟ್ಟು ಇರುವುದು ಇಂಪೋರ್ಟ್ ಸಾಲಿನಲ್ಲಿ. ಪೈಥಾನ್‌ನಲ್ಲಿ ವೇರಿಯಬಲ್ ಅಂದರೆ ಡಬ್ಬಿ ಅಲ್ಲ, ಮೌಲ್ಯಕ್ಕೆ ಅಂಟಿಸಿದ ಚೀಟಿ. 'ಫ್ರಮ್... ಇಂಪೋರ್ಟ್' ಅಂದಾಗ ಆ 0ಗೆ ಪ್ರತಿ ಫೈಲೂ ತನ್ನದೇ ಒಂದು ಹೊಸ ಚೀಟಿ ಅಂಟಿಸಿಕೊಳ್ಳುತ್ತದೆ. ಆಮೇಲೆ ಓದು ಫೈಲು ತನ್ನ ಚೀಟಿಯನ್ನು ಕಿತ್ತು 40ಕ್ಕೆ ಅಂಟಿಸಿದರೆ ಉಳಿದವರಿಗೆ ಅದು ಗೊತ್ತೇ ಆಗುವುದಿಲ್ಲ. ಗ್ಲೋಬಲ್ ಅಂದರೂ ಅಷ್ಟೇ, ಅದರ ವ್ಯಾಪ್ತಿ ಆ ಒಂದು ಫೈಲು ಮಾತ್ರ.

ಸುಮ್ನೆ 'ಇಂಪೋರ್ಟ್ ಹಂಚಿಕೆ' ಅಂತ ಬರೆಯಿರಿ, ಎಲ್ಲ ಕಡೆ 'ಹಂಚಿಕೆ.ಎಣಿಕೆ' ಅಂತಲೇ ಬಳಸಿ. ಒಂದು ಮಾಡ್ಯೂಲನ್ನು (ಹೀಗೆ ಇಂಪೋರ್ಟ್ ಮಾಡುವ ಫೈಲನ್ನು) ಎಷ್ಟು ಫೈಲುಗಳು ಇಂಪೋರ್ಟ್ ಮಾಡಿದರೂ ಪೈಥಾನ್ ಅದನ್ನು ಓಡಿಸುವುದು ಒಂದೇ ಸಲ, ಆಮೇಲೆ ಸಿಸ್.ಮಾಡ್ಯೂಲ್ಸ್ ಎಂಬ ತನ್ನ ಪಟ್ಟಿಯಲ್ಲಿ ಇಟ್ಟುಕೊಂಡದ್ದನ್ನೇ ಎಲ್ಲರಿಗೂ ಕೊಡುತ್ತದೆ, ಹಾಗಾಗಿ ಒಬ್ಬರು ಬದಲಾಯಿಸಿದ್ದು ಎಲ್ಲರಿಗೂ ಕಾಣುತ್ತದೆ.

ನಿಜ ಹೇಳಬೇಕೆಂದರೆ ಇಲ್ಲಿ ಹಂಚಿಕೆ ಫೈಲೇ ಬೇಡ. ಆ ಫಂಕ್ಷನ್ ಎಣಿಕೆಯನ್ನು ರಿಟರ್ನ್ ಮಾಡಲಿ, ಮುಖ್ಯ ಅದನ್ನು ಹಿಡಿದುಕೊಳ್ಳಲಿ. ಫೈಲುಗಳು ಜಾಸ್ತಿಯಾದ ಮೇಲೆ ಈ ಸಂಖ್ಯೆಯನ್ನು ಬದಲಾಯಿಸಿದ್ದು ಯಾರು ಅಂತ ಹುಡುಕುತ್ತಾ ಕೂರುವುದು ತಲೆನೋವು. ಫೋಲ್ಡರ್ ದಾರಿ, ಡೇಟಾಬೇಸ್ ವಿಳಾಸದಂಥ ಬದಲಾಗದ ಸಂಗತಿಗಳಿಗೆ ಮಾತ್ರ ಹಂಚಿಕೆ ಫೈಲ್ ಇಟ್ಟುಕೊಳ್ಳಿ. (ಹೆಸರುಗಳನ್ನು ಕನ್ನಡದಲ್ಲಿ ಇಟ್ಟದ್ದು ಚೆನ್ನಾಗಿದೆ. ಪೈಥಾನ್ 3ರಲ್ಲಿ ಧಾರಾಳವಾಗಿ ನಡೆಯುತ್ತದೆ, ಇಫ್, ಫಾರ್‌ನಂಥ ಪೈಥಾನ್‌ನ ಸ್ವಂತ ಪದಗಳನ್ನು ಮಾತ್ರ ಇಂಗ್ಲಿಷಿನಲ್ಲೇ ಬರೆಯಬೇಕು.)

ಇನ್ನೊಬ್ಬರು: ಆದರೆ ನಾನು ಲಿಸ್ಟ್ ಇಟ್ಟಾಗ 'ಫ್ರಮ್' ಹಾಕಿಯೂ ಸರಿಯಾಗಿ ಬಂತಲ್ವಾ?

ಉತ್ತರ: ನೀವು ಅಪೆಂಡ್ ಮಾಡಿರುತ್ತೀರಿ, ಅಂದರೆ ಇದ್ದ ಲಿಸ್ಟಿಗೇ ಸೇರಿಸಿರುತ್ತೀರಿ. ಆಗ ಚೀಟಿ ಕದಲುವುದಿಲ್ಲ, ಎಲ್ಲರ ಚೀಟಿಯೂ ಇರುವ ಅದೇ ಲಿಸ್ಟ್ ಬೆಳೆಯುತ್ತದೆ. 'ಪಟ್ಟಿ = []' ಅಂತ ಹೊಸದಾಗಿ ಕೊಟ್ಟು ನೋಡಿ, ಅಲ್ಲಿಗೆ ಸಂಬಂಧ ಕಡಿದುಹೋಗುತ್ತದೆ. ಎಡವಿ ಬೀಳುವ ಇನ್ನೊಂದು ಜಾಗ ಇದೆ: ಹಂಚುವ ವೇರಿಯಬಲನ್ನು ಮುಖ್ಯ.ಪೈನಲ್ಲೇ ಇಟ್ಟು ಓದು ಫೈಲಿನಿಂದ 'ಇಂಪೋರ್ಟ್ ಮುಖ್ಯ' ಮಾಡಬೇಡಿ. ನೀವು ನೇರವಾಗಿ ಓಡಿಸಿದ ಫೈಲಿಗೆ ಪೈಥಾನ್ ಒಳಗೊಳಗೇ ಮೇನ್ ಅಂತ ಬೇರೆ ಹೆಸರಿಟ್ಟಿರುತ್ತದೆ, ಹಾಗಾಗಿ ಅದೇ ಫೈಲ್ ಎರಡನೇ ಸಲ ಓಡಿ ವೇರಿಯಬಲ್ಲುಗಳ ಎರಡು ಪ್ರತಿ ಆಗುತ್ತವೆ.

ಪ್ರಶ್ನೆ: ಸರಿಹೋಯ್ತು ಸರ್! ಈಗ ಎರಡು ಟರ್ಮಿನಲ್‌ನಲ್ಲಿ ಎರಡು ಸ್ಕ್ರಿಪ್ಟ್ ಓಡಿಸಿದರೂ ಹೀಗೇ ಹಂಚಬಹುದಾ?

ಉತ್ತರ: ಇಲ್ಲ. ಅವು ಎರಡು ಬೇರೆ ಪ್ರೊಸೆಸ್ (ಬೇರೆ ಬೇರೆಯಾಗಿ ಓಡುತ್ತಿರುವ ಪ್ರೋಗ್ರಾಮ್), ಒಂದರ ಮೆಮೊರಿ ಇನ್ನೊಂದಕ್ಕೆ ಕಾಣದು. ಒಬ್ಬರು ಬರೆದು ಮುಗಿಸಿದ ಮೇಲೆ ಇನ್ನೊಬ್ಬರು ಓದುವುದಾದರೆ ಜೇಸನ್ ಫೈಲ್ (ಡೇಟಾವನ್ನು ಪಠ್ಯವಾಗಿ ಉಳಿಸುವ ಒಂದು ರೂಪ) ಸಾಕು. ಇಬ್ಬರೂ ಒಟ್ಟಿಗೆ ಬರೆಯುವುದಾದರೆ ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸ್ ಬಳಸಿ, ಪೈಥಾನ್ ಜೊತೆಗೇ ಬರುತ್ತದೆ, ಒಬ್ಬರು ಬರೆಯುವಾಗ ಇನ್ನೊಬ್ಬರು ಬರೆಯದಂತೆ ಲಾಕ್ ಹಾಕುವ ಕೆಲಸವನ್ನೂ ಅದೇ ನೋಡಿಕೊಳ್ಳುತ್ತದೆ.